ಹೊಳೆಗೆ ಬಿಟ್ಟ ವಿಷ ಎಲ್ಲಿಗೆ ಹೋಗುತ್ತದೆ? ಅಳಿವೆಯಲ್ಲಿ ನೀವೇ ನೋಡಿ

"ಹೊಳೆಗೆ ಬಿದ್ದದ್ದು ಕಡಲಿಗೆ ಹೋಯಿತು, ಮುಗಿಯಿತು" ಅಂತ ನಮ್ಮ ಕುಂಬಳೆ ಕಡೆ ಹೇಳುವವರು ಜಾಸ್ತಿ. ಆದರೆ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವಲ್ಲಿ, ನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬರುತ್ತದೆ, ಬೆಳಗ್ಗೆ ಕೆಳಗೆ ಹೋದ ಕೊಳೆ ಮಧ್ಯಾಹ್ನ ನಿಮ್ಮ ಕಡವಿಗೇ ವಾಪಸ್ ಬರಬಹುದು. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯ ಉಪ್ಪು ಪೇಟೆಗೆ ನೀರೆತ್ತುವ ಬಾವಿಕ್ಕರೆವರೆಗೆ ಏರಿ, ಕಾಸರಗೋಡು ಪೇಟೆಯ ನಳ್ಳಿಗಳಲ್ಲಿ ಉಪ್ಪು ನೀರು ಬರುತ್ತಿದ್ದದ್ದು ನೆನಪಿದೆ ಅಲ್ವಾ?

ನೀರಿನ ಓಟ ಅಳೆಯಲು ಮೊದಲು ಒಂದು ಕಿತ್ತಳೆ ಹಣ್ಣನ್ನು ಹೊಳೆಗೆ ಬಿಡಿ. ಅದು ಹೆಚ್ಚುಕಡಿಮೆ ಮುಳುಗಿಯೇ ತೇಲುತ್ತದೆ, ಗಾಳಿಗೆ ಓಡುವುದಿಲ್ಲ. ಇಳಿತ ಶುರುವಾದಾಗ ಬಿಟ್ಟು, ನೂರು ಮೀಟರ್‌ಗೆ ಎಷ್ಟು ನಿಮಿಷ ಅಂತ ಬರೆದಿಡಿ.

ಇದು ಮೇಲಿನ ನೀರಿನ ಕಥೆ ಮಾತ್ರ. ಉಪ್ಪು ನೀರು ಭಾರ, ಅಡಿಯಲ್ಲಿ ನುಗ್ಗುತ್ತದೆ, ಸಿಹಿನೀರು ಅದರ ಮೇಲೆ ಜಾರಿಕೊಂಡು ಕಡಲಿಗೆ ಹೋಗುತ್ತದೆ. ಅಡಿಯ ನೀರು ತೆಗೆಯಲು ಅರ್ಧ ಲೀಟರ್ ಗಾಜಿನ ಬಾಟಲಿಯ ಬುಡಕ್ಕೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ಹಗ್ಗ ಹಾಕಿ, ದೋಣಿಯಿಂದ ಇಳಿಸಿ ಬಿರಡೆ ಎಳೆಯಿರಿ, ಗುಳ್ಳೆ ನಿಂತ ಮೇಲೆ ಎತ್ತಿ. ಕಲ್ಲು ಒಂದು ಕಿಲೋ ಆದರೂ ಇರಲಿ. ನಾನು ಮೊದಲ ಸಲ ಸಣ್ಣದು ಕಟ್ಟಿ, ಬಾಟಲಿ ಮುಳುಗದೆ ದೋಣಿಯವರ ಹತ್ತಿರ ನಗಿಸಿಕೊಂಡೆ. ಕಡಲ ನೀರಲ್ಲಿ ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ನೀರಲ್ಲಿ ಕರಗಿದ ಉಪ್ಪು ಅಳೆಯುವ ಅಗ್ಗದ ಟಿಡಿಎಸ್ ಮೀಟರ್ ಕೈಕೊಡುತ್ತದೆ. ಒಂದು ಪಾಲಿಗೆ ಒಂಬತ್ತು ಪಾಲು ಬ್ಯಾಟರಿ ನೀರು (ಬ್ಯಾಟರಿಗೆ ಹಾಕುವ ಉಪ್ಪಿಲ್ಲದ ಶುದ್ಧ ನೀರು, ಆಸಿಡ್ ಅಲ್ಲ) ಸೇರಿಸಿ ಅಳೆದು, ಬಂದದ್ದನ್ನು ಹತ್ತರಿಂದ ಗುಣಿಸಿ.

ಇನ್ನು ಕೆಸರು. ಮಳೆಗಾಲದ ಕೆಂಪು ನೀರನ್ನು ಎರಡು ಬಾಟಲಿಗೆ ತುಂಬಿ, ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕಲಕಿ ಇಡಿ. ಉಪ್ಪಿನ ಬಾಟಲಿಯಲ್ಲಿ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಬೇಗ ತಳಕ್ಕೆ ಕೂರುತ್ತವೆ. ಅಳಿವೆಯಲ್ಲೂ ಇದೇ ಆಗುವುದು. ನಮ್ಮ ಗುಡ್ಡಗಳ ಗೇರು ತೋಟಕ್ಕೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ನೀರಲ್ಲಿ ಕರಗುವುದು ಬಹಳ ಕಡಿಮೆ, ಮಣ್ಣಿಗೇ ಅಂಟುತ್ತದೆ. ಅಂಥದ್ದನ್ನು ಹುಡುಕಲು ಬರೀ ನೀರು ಪರೀಕ್ಷೆ ಮಾಡಿಸಿ "ಏನೂ ಇಲ್ಲ" ಅಂದರೆ ನಾನಂತೂ ಒಪ್ಪುವುದಿಲ್ಲ, ಹೂಳು ನೋಡಬೇಕು. ಗೊಬ್ಬರದ ನೈಟ್ರೇಟ್ ಹಾಗಲ್ಲ, ನೀರಿನ ಜೊತೆಗೇ ಓಡಾಡುತ್ತದೆ. ಕ್ಯಾಡ್ಮಿಯಂ ಅನ್ನುವ ವಿಷಲೋಹ ಇನ್ನೂ ವಿಚಿತ್ರ: ಸಿಹಿನೀರಲ್ಲಿ ಮಣ್ಣು ಹಿಡಿದುಕೊಂಡದ್ದು ಉಪ್ಪು ಸಿಕ್ಕಿದ ಕೂಡಲೇ ಬಿಟ್ಟು ನೀರಿಗೆ ಬರುತ್ತದೆ.

ಹೂಳನ್ನು ಮರುವಾಯಿ (ತಿನ್ನುವ ಚಿಪ್ಪುಮೀನು) ಹೆಕ್ಕುವ ಜಾಗದಲ್ಲೇ ತೆಗೆಯಿರಿ, ಮೇಲಿನ ಎರಡು ಸೆಂಟಿಮೀಟರ್ ಸಾಕು. ಕೀಟನಾಶಕದ ಪರೀಕ್ಷೆಗಾದರೆ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಅದನ್ನು ಎಳೆದುಕೊಳ್ಳುತ್ತದೆ. ಮೀನಿನ ಪೆಟ್ಟಿಗೆಯ ಐಸಿನಲ್ಲಿಟ್ಟು ಅದೇ ದಿನ ಲ್ಯಾಬಿಗೆ ಕೊಡಿ, ಉಬ್ಬರವೋ ಇಳಿತವೋ ಅಂತ ಚೀಟಿಯಲ್ಲಿ ಬರೆಯಲು ಮರೆಯಬೇಡಿ.