ಕೀಲಿ ಎಲ್ಲರಿಗೂ, ಕೀಲಿಕೈ ಒಬ್ಬರಿಗೇ: ಕಚೇರಿಯ ಪಾಸ್‌ವರ್ಡ್‌ಗಳನ್ನು ‘ಪಾಸ್’ನಲ್ಲಿ ಇಟ್ಟ ಬಗೆ

ಗಂಗಾವತಿಯ ರೈಸ್ ಮಿಲ್ಲುಗಳ ಲೆಕ್ಕಪತ್ರ ನೋಡುವ ಕಚೇರಿ ನಮ್ಮದು. ಒಂದೊಂದು ಮಿಲ್ಲಿಗೆ ಜಿಎಸ್‌ಟಿ, ಇ-ವೇ ಬಿಲ್, ಆದಾಯ ತೆರಿಗೆ, ಟಿಡಿಎಸ್, ಪಿಎಫ್ ಅಂತ ಐದು ಲಾಗಿನ್. 60 ಗಿರಾಕಿಗಳಿಗೆ 300 ಪಾಸ್‌ವರ್ಡ್. ಇವು ಎಕ್ಸೆಲ್ ಹಾಳೆಯಲ್ಲಿ, ವಾಟ್ಸಾಪ್ ಮೆಸೇಜಿನಲ್ಲಿ ಇರಬಾರದು. ಈಗ ಎಲ್ಲವೂ ಲಿನಕ್ಸ್ ಟರ್ಮಿನಲ್ಲಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ನಡೆಯುವ ‘ಪಾಸ್’ ಎಂಬ ಪಾಸ್‌ವರ್ಡ್ ಕಾಯುವ ತಂತ್ರಾಂಶದಲ್ಲಿವೆ. ಜೇಸನ್ ಡೊನೆನ್‌ಫೆಲ್ಡ್ 2012ರಲ್ಲಿ ಬರೆಯಲು ಶುರುಮಾಡಿದ ಬ್ಯಾಶ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್ ಅದು. ಒಂದು ಪಾಸ್‌ವರ್ಡ್‌ಗೆ ಒಂದು ಫೈಲ್. ಗೂಢಲಿಪಿ ಮಾಡುವುದು ಜಿಪಿಜಿ, ಹಳೆಯ ಪ್ರತಿಗಳನ್ನು ಕಾಯುವುದು ಗಿಟ್.

ನಮ್ಮ ಕಡೆ ಕೀಲಿ ಅಂದರೆ ಬೀಗ, ಕೀಲಿಕೈ ಅಂದರೆ ಅದನ್ನು ತೆರೆಯುವ ಸಾಧನ. ಜಿಪಿಜಿ ತಿಳಿಯಲು ಇಷ್ಟು ಸಾಕು. ಪಬ್ಲಿಕ್ ಕೀ ಎಂದರೆ ಕೀಲಿ. ಯಾರಿಗೆ ಬೇಕಾದರೂ ಕೊಡಬಹುದು. ಪ್ರೈವೇಟ್ ಕೀ ಎಂದರೆ ಕೀಲಿಕೈ. ಅದು ಅವರವರ ಕೈ ಬಿಟ್ಟು ಬೇರೆಯವರಿಗೆ ಹೋಗಕೂಡದು. ಕಚೇರಿಗೆಲ್ಲ ಸೇರಿ ಒಂದೇ ಕೀಲಿಕೈ ಮಾಡಿ ಹಂಚುವವರಿದ್ದಾರೆ. ಅದನ್ನು ದಯವಿಟ್ಟು ಮಾಡಬೇಡಿ. ಒಬ್ಬರು ಕೆಲಸ ಬಿಟ್ಟ ದಿನ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಕೀಲಿಕೈಯನ್ನು ಕಾಯುವುದು ಪಾಸ್‌ಫ್ರೇಸ್, ಅಂದರೆ ಹಲವು ಪದಗಳ ಉದ್ದನೆಯ ಪಾಸ್‌ವರ್ಡ್. ಇದಕ್ಕೆ 1296 ಕನ್ನಡ ಪದಗಳ ಪಟ್ಟಿ ಮಾಡಿಕೊಂಡಿದ್ದೇನೆ. ನಾಲ್ಕು ದಾಳ ಉರುಳಿಸಿದರೆ ಒಂದು ಪದ. ಆರನ್ನು ನಾಲ್ಕು ಸಲ ಗುಣಿಸಿದರೆ ಬರುವುದೇ 1296. ಪ್ರತಿ ಪದಕ್ಕೆ 10 ಬಿಟ್‌ಗಿಂತ ತುಸು ಹೆಚ್ಚು ಬಲ, ಏಳು ಪದಕ್ಕೆ 72 ಬಿಟ್. ಒಂದು ಬಿಟ್ ಹೆಚ್ಚಿದರೆ ಊಹಿಸುವ ಕಷ್ಟ ಎರಡರಷ್ಟು. ಚೌಕಾಬಾರದ ಕವಡೆ ಇದಕ್ಕೆ ಆಗದು, ಬೋರಲು ಅಂಗಾತ ಎರಡೂ ಸಮನಾಗಿ ಬೀಳುವುದಿಲ್ಲ. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಪಾಸ್‌ಫ್ರೇಸ್ ಕೇಳುವ ಕಿಟಕಿಯಲ್ಲಿ ಕನ್ನಡ ಕೀಬೋರ್ಡ್ ನೆಚ್ಚಲಾಗದು. ಇಲ್ಲೊಂದು ತೊಡಕಿದೆ: ‘ಬಾಳೆ’ಗೆ ಒಂದು ‘ಎ’ಯೋ ಎರಡೋ? ‘ಮಂಡಾಳ’ದ ಕೊನೆಗೆ ‘ಎಲ್’ ಒಂದೋ ಎರಡೋ? ದೀರ್ಘಕ್ಕೆ ಎರಡು ಅಕ್ಷರ, ಳ-ಲ ಎರಡಕ್ಕೂ ಒಂದೇ ‘ಎಲ್’ ಎಂದು ನಿಯಮ ಮಾಡಿಕೊಂಡು, ಪಟ್ಟಿಯನ್ನು ಹಾಗೇ ಬರೆದಿಟ್ಟುಕೊಂಡರೆ ಗೊಂದಲವಿಲ್ಲ. ನಿಮಗೆ ಚೆಂದ ಕಂಡ ಪದ ಆರಿಸಬೇಡಿ, ದಾಳ ಹೇಳಿದ್ದೇ ಪದ.

ಪ್ರತಿಯೊಬ್ಬರೂ ತಮ್ಮ ಕೀ ಮಾಡಿಕೊಂಡ ಮೇಲೆ ಪಬ್ಲಿಕ್ ಕೀಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಮೊದಲು ಸಿಗುವ ತಪ್ಪು ಇಲ್ಲೇ. ಇನ್ನೊಬ್ಬರ ಕೀಲಿ ಹಾಕಲು ಹೋದಾಗ ‘ಅನ್‌ಯೂಸಬಲ್ ಪಬ್ಲಿಕ್ ಕೀ’ ಎಂದು ನಿಲ್ಲುತ್ತದೆ, ಏಕೆಂದರೆ ಅದು ಅವರದೇ ಎಂದು ಜಿಪಿಜಿಗೆ ಯಾರೂ ಹೇಳಿಲ್ಲ. ಎದುರು ಕೂತು, ಇಲ್ಲವೇ ಫೋನಿನಲ್ಲಿ, ಆ ಕೀಯ ಗುರುತಾದ ‘ಫಿಂಗರ್‌ಪ್ರಿಂಟಿ’ನ 40 ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಓದಿ ತಾಳೆ ನೋಡಿ, ಅದು ಅವರದೇ ಎಂದು ನಿಮ್ಮ ಕೀಯಿಂದ ‘ಲೋಕಲ್ ಸೈನ್’ ಮಾಡಿದರೆ ಸರಿಹೋಗುತ್ತದೆ. ಓದದೆ ಸೈನ್ ಮಾಡಿದರೆ ಯಾರ ಬೀಗ ಹಾಕಿದಿರಿ ಎಂಬುದು ನಿಮಗೇ ಗೊತ್ತಿರುವುದಿಲ್ಲ.

ನಂತರ ‘ಪಾಸ್ ಇನಿಟ್’ ಎಂದು ಬರೆದು ಎಲ್ಲರ ಫಿಂಗರ್‌ಪ್ರಿಂಟ್ ಕೊಡಬೇಕು. ಬ್ಯಾಂಕ್ ಫೋಲ್ಡರಿಗೆ ಮಾತ್ರ ‘ಹೈಫನ್ ಪಿ’ ಹಾಕಿ ಇಬ್ಬರದೇ ಕೊಟ್ಟಿದ್ದೇನೆ, ಅದು ಉಳಿದವರಿಗೆ ತೆರೆಯುವುದಿಲ್ಲ. ಗೂಢಲಿಪಿಯಾಗುವುದು ಫೈಲಿನ ಒಳಗಿನದು ಮಾತ್ರ, ಹೆಸರು ಬಯಲಲ್ಲೇ ಇರುತ್ತದೆ. ಆದ್ದರಿಂದ ಫೋಲ್ಡರಿಗೆ ಮಿಲ್ಲಿನ ಹೆಸರು ಬೇಡ. ನಮ್ಮ ಲೆಡ್ಜರಿನ ಗಿರಾಕಿ ನಂಬರನ್ನೇ ಇಟ್ಟಿದ್ದೇವೆ.

ಹೆಚ್ಚು ಕಾಡುವುದು ಪಾಸ್‌ವರ್ಡ್ ಬದಲಿಸುವ ಕೆಲಸ. ‘ಪಾಸ್ ಜನರೇಟ್’ ತಾನಾಗಿ 25 ಅಕ್ಷರ ಕೊಡುತ್ತದೆ. ಕೆಲವು ಪೋರ್ಟಲ್‌ಗಳು 15ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಕೆಲವು ಬಾಯಿಬಿಡದೆ 15ಕ್ಕೆ ಕತ್ತರಿಸಿ ಉಳಿಸಿಕೊಳ್ಳುತ್ತವೆ. ಮರುದಿನ ಪೂರ್ತಿ 25 ಹಾಕಿದರೆ ‘ತಪ್ಪು ಪಾಸ್‌ವರ್ಡ್’. ಹಾಗಾದಾಗ ಮೊದಲ 15 ಅಕ್ಷರ ಮಾತ್ರ ಹಾಕಿ ನೋಡಿ, ಬಹಳ ಸಲ ತೆರೆಯುತ್ತದೆ. ಹೊಸದು ಮಾಡುವಾಗ ಕಮಾಂಡಿನ ಕೊನೆಗೆ 15 ಎಂದು ಬರೆದುಬಿಡುವುದೇ ಲೇಸು. ‘ಹೈಫನ್ ಐ’ ಸೇರಿಸಿದರೆ ಮೊದಲ ಸಾಲು ಮಾತ್ರ ಬದಲಾಗಿ, ಕೆಳಗೆ ಬರೆದ ಯೂಸರ್ ಐಡಿ, ಮೊಬೈಲ್ ನಂಬರ್ ಉಳಿಯುತ್ತವೆ. ಇದನ್ನು ಮರೆತರೆ ಅವೂ ಅಳಿಸಿಹೋಗುತ್ತವೆ.

ಇನ್ನೊಂದು ಇಕ್ಕಟ್ಟು: ಹೊಸದು ತಯಾರಾದ ಕೂಡಲೇ ಹಳೆಯದು ಹೋಯಿತು, ಪೋರ್ಟಲ್ ಮಾತ್ರ ‘ಹಳೆಯ ಪಾಸ್‌ವರ್ಡ್ ಕೊಡಿ’ ಎನ್ನುತ್ತಿದೆ. ಗಾಬರಿ ಬೇಡ. ಮೊದಲೇ ‘ಪಾಸ್ ಗಿಟ್ ಇನಿಟ್’ ಮಾಡಿದ್ದರೆ, ‘ಪಾಸ್ ಗಿಟ್ ಲಾಗ್ ಹೈಫನ್ ಪಿ’ ಎಂದು ಬರೆದು ಫೈಲಿನ ಹೆಸರು ಕೊಡಿ. ಹಳೆಯ ಸಾಲು, ಹೊಸ ಸಾಲು ಎರಡೂ ಓದಲು ಬರುವಂತೆ ತೋರಿಸುತ್ತದೆ. ಆ ಹೊತ್ತಿಗೆ ಪರದೆಯ ಮುಂದೆ ಬೇರೆಯವರು ಇಲ್ಲದಂತೆ ನೋಡಿಕೊಳ್ಳಿ.

ದಿನದ ಬಳಕೆಗೆ ‘ಪಾಸ್ ಹೈಫನ್ ಸಿ’ ಸಾಕು. ಪಾಸ್‌ವರ್ಡ್ ಕ್ಲಿಪ್‌ಬೋರ್ಡಿಗೆ ಹೋಗಿ 45 ಸೆಕೆಂಡಿಗೆ ಅಳಿಯುತ್ತದೆ. ಆದರೆ ಡೆಸ್ಕ್‌ಟಾಪಿನ ಕ್ಲಿಪ್‌ಬೋರ್ಡ್ ಹಿಸ್ಟರಿ ಚಾಲೂ ಇದ್ದರೆ ಅಲ್ಲೊಂದು ಪ್ರತಿ ಕೂತುಬಿಡಬಹುದು, ಅದನ್ನು ಮೊದಲೇ ಆಫ್ ಮಾಡಿ. ಬೇರೆ ಕಂಪ್ಯೂಟರಿನಲ್ಲಿ ಕೂತು ಎಸ್‌ಎಸ್‌ಎಚ್‌ನಿಂದ ಬಂದಾಗ ಪಾಸ್‌ಫ್ರೇಸ್ ಕೇಳದೆಯೇ ‘ಇನ್‌ಅಪ್ರೋಪ್ರಿಯೇಟ್’ ಎಂದು ಶುರುವಾಗುವ ತಪ್ಪು ತೋರಿಸಿದರೆ, ಜಿಪಿಜಿಗೆ ಟರ್ಮಿನಲ್ ಯಾವುದೆಂದು ತಿಳಿದಿಲ್ಲ ಎಂದರ್ಥ. ‘ಜಿಪಿಜಿ ಅಂಡರ್‌ಸ್ಕೋರ್ ಟಿಟಿವೈ’ ಎಂಬ ವೇರಿಯಬಲ್ಲಿಗೆ ‘ಟಿಟಿವೈ’ ಕಮಾಂಡಿನ ಉತ್ತರ ಕೊಡುವ ಸಾಲನ್ನು, ಟರ್ಮಿನಲ್ ತೆರೆದಾಗಲೆಲ್ಲ ಓದಿಕೊಳ್ಳುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಸೇರಿಸಿ.

ಎಲ್ಲರ ಪ್ರತಿಗಳೂ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿರುವ ಗಿಟ್ ರೆಪಾಸಿಟರಿಗೆ, ಅಂದರೆ ಪ್ರತಿಗಳ ಉಗ್ರಾಣಕ್ಕೆ ಹೋಗುತ್ತವೆ. ಒಂದೇ ಫೈಲನ್ನು ಇಬ್ಬರು ಬದಲಿಸಿದರೆ ಗಿಟ್ ಅವನ್ನು ಬೆಸೆಯಲಾರದು. ಎರಡನ್ನೂ ಬಿಚ್ಚಿ ಓದಿ, ಪೋರ್ಟಲ್ ಒಪ್ಪುವುದನ್ನು ಉಳಿಸಿಕೊಳ್ಳಬೇಕು. ಬದಲಿಸುವ ಮುನ್ನ ‘ಪಾಸ್ ಗಿಟ್ ಪುಲ್’ ಮಾಡಿ ಅಲ್ಲಿನ ಹೊಸ ಬದಲಾವಣೆ ತರಿಸಿಕೊಳ್ಳುವ ರೂಢಿ ಇದ್ದರೆ ಇದು ಅಪರೂಪ.

ಯಾರಾದರೂ ಕೆಲಸ ಬಿಟ್ಟರೆ ಅವರ ಫಿಂಗರ್‌ಪ್ರಿಂಟ್ ಬಿಟ್ಟು ಮತ್ತೆ ‘ಪಾಸ್ ಇನಿಟ್’ ಮಾಡುತ್ತೇನೆ. ಬ್ಯಾಂಕ್ ಫೋಲ್ಡರಿನಲ್ಲಿ ಅವರಿದ್ದರೆ ಅದಕ್ಕೂ ಬೇರೆಯಾಗಿ. ಎಲ್ಲ ಫೈಲುಗಳಿಗೂ ಹೊಸದಾಗಿ ಬೀಗ ಬೀಳುತ್ತದೆ. ಅಷ್ಟಕ್ಕೇ ನಿಲ್ಲಬಾರದು. ಗಿಟ್‌ನ ಹಳೆಯ ಪ್ರತಿಗಳು ಅವರ ಕೀಲಿಕೈಗೆ ಇನ್ನೂ ತೆರೆಯುತ್ತವೆ, ಅವರ ಲ್ಯಾಪ್‌ಟಾಪಿನಲ್ಲೂ ಒಂದು ಪ್ರತಿ ಇರಬಹುದು. ಅವರು ನೋಡಬಹುದಾಗಿದ್ದ ಪ್ರತಿ ಪಾಸ್‌ವರ್ಡನ್ನೂ ಪೋರ್ಟಲಿನಲ್ಲೇ ಬದಲಿಸಬೇಕು. 300 ಇದ್ದರೆ ಎರಡು ದಿನದ ಕೆಲಸ, ರಿಟರ್ನ್ ತುಂಬುವ ವಾರ ಬಿಟ್ಟು ಇಟ್ಟುಕೊಳ್ಳಿ.

ಕೀಗೆ ಅವಧಿ ಮುಗಿದರೂ ಹಳೆಯ ಫೈಲುಗಳು ತೆರೆಯುತ್ತವೆ, ಹೊಸದಕ್ಕೆ ಬೀಗ ಮಾತ್ರ ಬೀಳುವುದಿಲ್ಲ. ಅವಧಿ ಮುಂದೂಡುವಾಗ ಅದರ ಜೊತೆಗಿರುವ, ಗೂಢಲಿಪಿಗೆ ಬಳಕೆಯಾಗುವ ಸಬ್‌ಕೀಯನ್ನೂ ಮುಂದೂಡಿ, ಪಬ್ಲಿಕ್ ಕೀಯನ್ನು ಎಲ್ಲರಿಗೂ ಮತ್ತೆ ಕಳಿಸಿ. ಪ್ರೈವೇಟ್ ಕೀಯ ಪ್ರತಿ ಎರಡು ಪೆನ್‌ಡ್ರೈವ್‌ಗಳಲ್ಲಿದೆ, ಒಂದು ಕಚೇರಿಯ ತಿಜೋರಿಯಲ್ಲಿ, ಒಂದು ಮನೆಯಲ್ಲಿ. ಆರು ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಒಂದು ಪಾಸ್‌ವರ್ಡ್ ತೆರೆದು ನೋಡಿ, ಅಲ್ಲಿಂದ ಅಳಿಸಿಬಿಡುತ್ತೇನೆ.