ಪಿರಮಿಡ್ ಪಕ್ಕಕ್ಕಿಟ್ಟು ‘ಹ್ಯೂಮನ್ ಆಫ್ಟರ್ ಆಲ್’ ಕೇಳಿದ್ದು

ಫ್ರೆಂಚ್ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್‌ನ ‘ಹ್ಯೂಮನ್ ಆಫ್ಟರ್ ಆಲ್’ ಆಲ್ಬಂ ಚೆನ್ನಾಗಿಲ್ಲ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಅಭಿಮಾನಿಗಳ ಹತ್ತಿರ ಸಿದ್ಧ ಉತ್ತರವೊಂದು ಇರುತ್ತದೆ: ‘ಮೊದಲು ಅಲೈವ್ 2007 ಕೇಳು, ಆಮೇಲೆ ಮಾತಾಡು.’ ಅದು ಇದೇ ಜೋಡಿಯ ಲೈವ್ ಆಲ್ಬಂ, ಈ ಹಾಡುಗಳು ಅಲ್ಲೂ ಇವೆ. ಈ ವಾದ ನನಗೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ಆಲ್ಬಂ ಒಳ್ಳೆಯದು ಅಂತ ಸಾಧಿಸೋಕೆ ಇನ್ನೊಂದನ್ನು ತೋರಿಸಬೇಕು ಅಂದರೆ, ಹೊಗಳಿಕೆ ಸಲ್ಲುವುದು ಆ ಇನ್ನೊಂದಕ್ಕೆ ತಾನೆ?

ನಾನು ಬಿಡುವಿದ್ದಾಗ ಡಿಜೆ ಮಾಡುವವನು, ಲ್ಯಾಪ್‌ಟಾಪಿನಲ್ಲಿ ಅಷ್ಟಿಷ್ಟು ಟ್ರ್ಯಾಕ್ ಕಟ್ಟುವವನು. 2021ರ ಫೆಬ್ರವರಿಯಲ್ಲಿ ಈ ಜೋಡಿ ಬೇರೆಯಾದ ಸುದ್ದಿ ಬಂದಾಗ ಎಲ್ಲರೂ ಹಳೆಯ ಆಲ್ಬಂಗಳನ್ನು ಮತ್ತೆ ಕೇಳತೊಡಗಿದರು. ‘ಹ್ಯೂಮನ್ ಆಫ್ಟರ್ ಆಲ್’ ಬಗ್ಗೆ ಇದ್ದಕ್ಕಿದ್ದಂತೆ ‘ಕಾಲಕ್ಕಿಂತ ಮುಂದಿದ್ದ ಕೃತಿ’ ಅನ್ನುವ ಮಾತು ಕೇಳಿಬಂತು. ಇದನ್ನೂ ನಾನು ನಂಬಲಿಲ್ಲ. ಬಿಡುವು ಮಾಡಿಕೊಂಡು ಆಲ್ಬಂ ಅನ್ನು ಬಿಚ್ಚಿ ನೋಡೋಣ ಅಂತ ಕೂತೆ. ಹೇಗೆ ಮಾಡಿದೆ, ಏನು ಸಿಕ್ಕಿತು ಅನ್ನುವುದು ಇಲ್ಲಿದೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಈ ಜೋಡಿ, ಅಂದರೆ ತೊಮಾ ಬಾಂಗಾಲ್ಟರ್ ಮತ್ತು ಗೀ-ಮಾನ್ಯುಯೆಲ್ ದೆ ಓಮೆಮ್-ಕ್ರಿಸ್ಟೊ 2001ರಲ್ಲಿ ‘ಡಿಸ್ಕವರಿ’ ಕೊಟ್ಟಿದ್ದರು. ಡಿಸ್ಕೊ ಸ್ಯಾಂಪಲ್ಲುಗಳು (ಹಳೆಯ ಹಾಡುಗಳಿಂದ ಎತ್ತಿದ ತುಣುಕುಗಳು), ಗುನುಗುವಂಥ ಮೆಲಡಿ, ಪದರದ ಮೇಲೆ ಪದರ. ಅದರ ಮುಂದಿನದಕ್ಕೆ ನಾಲ್ಕು ವರ್ಷ ಕಾದವರ ಕೈಗೆ 2005ರ ಮಾರ್ಚ್‌ನಲ್ಲಿ ಬಂದದ್ದು ಹತ್ತು ಟ್ರ್ಯಾಕುಗಳ, ಸುಮಾರು 45 ನಿಮಿಷದ ಆಲ್ಬಂ. ಬಹುಪಾಲು ಹಾಡಿಗೆ ಒಂದೇ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ), ಒಂದೇ ಸಾಲು. ಬಿಡುಗಡೆಗೆ ಮುಂಚೆ ಇಂಟರ್ನೆಟ್ಟಿನಲ್ಲಿ ಸೋರಿದಾಗ ‘ಇದು ನಕಲಿ ಇರಬೇಕು’ ಅಂದವರೂ ಇದ್ದರು. ಆರೇ ವಾರದಲ್ಲಿ ಮಾಡಿ ಮುಗಿಸಿದ್ದು ಅಂತ ತಿಳಿದ ಮೇಲಂತೂ ಸಿಟ್ಟು ನೆತ್ತಿಗೇರಿತು. ಬಳಸಿದ್ದು ಹೆಚ್ಚುಕಮ್ಮಿ ಎರಡು ಗಿಟಾರ್, ಎರಡು ಡ್ರಮ್ ಮಷೀನ್, ಒಂದು ವೋಕೋಡರ್ (ಮನುಷ್ಯನ ದನಿಯನ್ನು ಯಂತ್ರದ ದನಿಯಾಗಿಸುವ ಉಪಕರಣ), ಒಂದು ಎಂಟು ಟ್ರ್ಯಾಕಿನ ರೆಕಾರ್ಡರ್. ಈ ಇಬ್ಬರೋ, ಆಲ್ಬಂ ತಾನೇ ಮಾತಾಡುತ್ತದೆ ಅಂತ ಹೇಳಿ ಸುಮ್ಮನಾದರು. ಬೇಸರಗೊಂಡಿದ್ದ ಅಭಿಮಾನಿಗೆ ಇದು ಇನ್ನಷ್ಟು ಸೊಕ್ಕಿನ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆಮೇಲೆ 2006ರ ಏಪ್ರಿಲ್‌ನಲ್ಲಿ ಕೋಚೆಲ್ಲಾ ಉತ್ಸವದಲ್ಲಿ ಎಲ್‌ಇಡಿ ಪಿರಮಿಡ್ ಒಳಗೆ ನಿಂತು ನುಡಿಸಿದರು. ಮರುವರ್ಷ ಪ್ಯಾರಿಸ್ಸಿನ ಬೆರ್ಸಿಯಲ್ಲಿ ನಡೆದ ಕಾರ್ಯಕ್ರಮ ‘ಅಲೈವ್ 2007’ ಆಗಿ ಬಂತು, ಗ್ರ್ಯಾಮಿಯನ್ನೂ ಗೆದ್ದಿತು. ಅಲ್ಲಿ ಶುರುವಾಗುವುದೇ ‘ರೋಬೋಟ್ ರಾಕ್’ನಿಂದ. ಎರಡು ವರ್ಷದ ಹಿಂದೆ ಬೈಸಿಕೊಂಡ ಹಾಡಿಗೆ ಜನ ಕಿರುಚುವುದು ರೆಕಾರ್ಡಿಂಗಿನಲ್ಲೇ ಕೇಳುತ್ತದೆ.

ಮರುಮೌಲ್ಯಮಾಪನ ಅಂದಾಗಲೆಲ್ಲ ಈ ಕಿರುಚಾಟ ಕಿವಿಯಲ್ಲಿ ಕೂತಿರುತ್ತದೆ ಅನ್ನುವುದೇ ನನ್ನ ತಕರಾರು. ಹಾಗಾಗಿ ಮೊದಲು ಲೈವ್ ಆಲ್ಬಂ ಬಂದ್. ಫೋನಿನಿಂದಲೂ ತೆಗೆದೆ, ರೀಮಿಕ್ಸ್ ಸಂಗ್ರಹವನ್ನೂ ತೆಗೆದೆ. ಕೆಲವು ವಾರ ಕಾಯಬೇಕಾಯಿತು. ‘ಟೆಲಿವಿಷನ್ ರೂಲ್ಸ್ ದ ನೇಷನ್’ ಹಾಕಿದರೆ, ಲೈವಿನಲ್ಲಿ ಅದರ ಜೊತೆ ಬೆರೆಸಿದ್ದ ‘ಕ್ರೆಸೆಂಡಾಲ್ಸ್’ ಯಾವಾಗ ಬಂದು ಸೇರಿಕೊಳ್ಳುತ್ತೆ ಅಂತ ಮನಸ್ಸು ಕಾಯುತ್ತಿತ್ತು. ಆ ಕಾಯುವಿಕೆ ನಿಂತ ಮೇಲೆಯೇ ನಿಜವಾದ ಕೆಲಸಕ್ಕೆ ಕೈಹಾಕಿದ್ದು.

ಎರಡನೆಯದು ವಾಲ್ಯೂಮ್. ಇದನ್ನು ಬಹಳ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಎರಡು ರೆಕಾರ್ಡಿಂಗ್ ಹೋಲಿಸುವಾಗ ಒಂದು ಚೂರೇ ಚೂರು ಜೋರಾಗಿದ್ದರೂ ಕಿವಿ ಅದನ್ನೇ ಮೆಚ್ಚಿಬಿಡುತ್ತದೆ. ಸಿಡಿಯಿಂದ ಫೈಲ್ ತೆಗೆದು, ಲೌಡ್‌ನೆಸ್ ಮೀಟರ್ ಹಾಕಿ, ‘ಡಿಸ್ಕವರಿ’ ಹಾಗೂ ‘ಹ್ಯೂಮನ್ ಆಫ್ಟರ್ ಆಲ್’ ಎರಡನ್ನೂ -14 ಎಲ್‌ಯುಎಫ್‌ಎಸ್‌ಗೆ (ಸದ್ದು ಕಿವಿಗೆ ಎಷ್ಟು ಜೋರು ಅಂತ ಅಳೆಯುವ ಮಾನ) ತಂದೆ. ಒಂದೇ ಮಟ್ಟದಲ್ಲಿ ಒಂದಾದ ಮೇಲೊಂದು ಕೇಳಿದಾಗ ‘ಡಿಸ್ಕವರಿ’ ಕಿಕ್ಕಿರಿದ ಕೋಣೆ, ಇದು ಸಾಮಾನು ಖಾಲಿ ಮಾಡಿದ ಕೋಣೆ. ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಒಣಕಲು, ಗಿಟಾರಿನ ಡಿಸ್ಟಾರ್ಷನ್ ನಡುವಿನ ಫ್ರೀಕ್ವೆನ್ಸಿಗಳಲ್ಲಿ ಉಜ್ಜುತ್ತಲೇ ಇರುತ್ತದೆ, ಸುತ್ತ ಏನೂ ಇಲ್ಲ. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಕಡಿಮೆ ಬಿಟ್‌ರೇಟಿನ ಎಂಪಿ3 ಕೇಳಿದರೆ ಕಿಕ್ ಮಾಯ, ಬಾಸ್ ಮಾಯ, ಉಜ್ಜಾಟ ಒಂದೇ ಉಳಿಯುತ್ತದೆ. ಸೋರಿಕೆಯಾದ ಫೈಲ್‌ಗಳನ್ನು ಎಷ್ಟೋ ಜನ ಕೇಳಿದ್ದು ಹಾಗೆಯೇ. ತಲೆನೋವು ಬಂತು ಅಂದವರು ಸುಳ್ಳು ಹೇಳಿರಲಿಲ್ಲ.

ಮೂರನೆಯದು ನನಗೆ ಅತಿ ಖುಷಿ ಕೊಟ್ಟ ಕೆಲಸ. ಆಲ್ಬಂ ಮೇಲಿದ್ದ ದೊಡ್ಡ ದೂರು, ಒಂದೇ ತುಂಡನ್ನು ಕತ್ತರಿಸಿ ಅಂಟಿಸುತ್ತಾ ಹೋಗಿದ್ದಾರೆ ಅನ್ನುವುದು. ಇದನ್ನು ಪರೀಕ್ಷಿಸೋಕೆ ಒಂದು ಸುಲಭ ಉಪಾಯವಿದೆ. ‘ರೋಬೋಟ್ ರಾಕ್’ ಅನ್ನು ಎಡಿಟರಿನಲ್ಲಿ ತೆರೆದು, ರಿಫ್ಫಿನ ಒಂದು ಸುತ್ತನ್ನು ಕತ್ತರಿಸಿ, ಅದರ ಫೇಸ್ ತಿರುಗಿಸಿ (ಅಂದರೆ ಧ್ವನಿಯ ಅಲೆಯನ್ನು ತಲೆಕೆಳಗು ಮಾಡಿ), ಮುಂದಿನ ಸುತ್ತುಗಳ ಮೇಲೆ ಕೂರಿಸಬೇಕು. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ನುಂಗಿ ನಿಶ್ಶಬ್ದವಾಗುತ್ತದೆ. ಬೇರೆಯಿದ್ದದ್ದು ಮಾತ್ರ ಉಳಿದು ಕೇಳುತ್ತದೆ. ಡಿಜಿಟಲ್ ಧ್ವನಿಯ ಅತಿ ಚಿಕ್ಕ ಘಟಕದ ಮಟ್ಟದಲ್ಲಿ ಹೊಂದಿಸದಿದ್ದರೆ ಮೇಲಿನ ಫ್ರೀಕ್ವೆನ್ಸಿಗಳು ಅಳಿಯದೆ ಚುರುಗುಡುತ್ತವೆ, ಅದಕ್ಕೇ ತಾಳ್ಮೆ ಬೇಕು.

ನನ್ನ ಕಿವಿಗೆ ಉಳಿದದ್ದು ಎರಡು. ಒಂದು, ಡ್ರಮ್ ಫಿಲ್‌ಗಳು (ನಡುನಡುವೆ ಬರುವ ಡ್ರಮ್ಮಿನ ಚಿಕ್ಕ ಓಟಗಳು), ಅವು ನಿರೀಕ್ಷಿತ. ಇನ್ನೊಂದು, ಫಿಲ್ ಬಂದಲ್ಲೆಲ್ಲ ಅದರ ಹಿಂದೆ ರಿಫ್ಫಿನ ನೆರಳು. ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಇಡೀ ಮಿಕ್ಸಿನ ಮೇಲೆ ಕೂತಿದ್ದರೆ ಹೀಗಾಗುತ್ತದೆ: ಡ್ರಮ್ ಬಿದ್ದ ತಕ್ಷಣ ಅದು ಎಲ್ಲವನ್ನೂ ಅದುಮುತ್ತದೆ, ಡ್ರಮ್ ಹೋದ ಮೇಲೆ ರಿಫ್ ನಿಧಾನಕ್ಕೆ ಮೇಲೇಳುತ್ತದೆ. ಅಂದರೆ ತುಂಡು ಒಂದೇ, ಆದರೆ ಪ್ರತಿ ಸಲ ಬೇರೆ ಒತ್ತಡದಲ್ಲಿ ಬರುತ್ತಿದೆ. ಇದು ಗೊತ್ತಾದ ಮೇಲೆ ಹಾಡನ್ನು ಮೊದಲಿನ ಹಾಗೆ ಕೇಳೋಕೆ ಆಗಲಿಲ್ಲ. ರಿಫ್ ಕೇಳುವುದು ಬಿಟ್ಟು ಅದು ಬಗ್ಗುವುದನ್ನು, ಏಳುವುದನ್ನು ಕೇಳತೊಡಗಿದೆ.

ಆ ರಿಫ್ ಅವರದ್ದಲ್ಲ ಅನ್ನುವುದೂ ಹಳೆಯ ದೂರೇ. ಅದು ಬ್ರೇಕ್‌ವಾಟರ್ ಎಂಬ ಫಂಕ್ ತಂಡದ 1980ರ ‘ರಿಲೀಸ್ ದ ಬೀಸ್ಟ್’ನಿಂದ ಎತ್ತಿದ್ದು, ಹೆಚ್ಚು ಬದಲಾವಣೆಯೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಮೂಲದಲ್ಲಿ ರಿಫ್ ಹಾಡಿಗೆ ದಾರಿ ಬಿಡುತ್ತದೆ, ದನಿ ಬರುತ್ತದೆ, ಕಥೆ ಮುಂದಕ್ಕೆ ಹೋಗುತ್ತದೆ. ಇಲ್ಲಿ ಸುಮಾರು ಐದು ನಿಮಿಷ ಆ ರಿಫ್ಫೇ ಎಲ್ಲ. ಇದು ಸೋಮಾರಿತನವೋ ಧೈರ್ಯವೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಅರ್ಧ ಸೋಮಾರಿತನವೇ. ಆದರೆ ಯಾವುದನ್ನು ಬಿಡಬೇಕು ಅಂತ ಗೊತ್ತಿದ್ದವರ ಸೋಮಾರಿತನ.

ಇಷ್ಟಾದ ಮೇಲೆ ಮೂವರು ಗೆಳೆಯರನ್ನು ಕೂರಿಸಿಕೊಂಡೆ. ಆಯ್ಕೆ ಬೇಕೆಂದೇ ಮಾಡಿದ್ದು. ಒಬ್ಬ ‘ಡಿಸ್ಕವರಿ’ ಕಾಲದವನು, ಒಬ್ಬಳು ಲೈವ್ ಆಲ್ಬಂ ಮೂಲಕ ಬಂದವಳು, ಮೂರನೆಯವನು 2013ರ ‘ರ್‍ಯಾಂಡಮ್ ಆಕ್ಸೆಸ್ ಮೆಮೊರೀಸ್’ ಆದಮೇಲೆ ಹಿಂದಕ್ಕೆ ಹೋಗಿ ಹಳೆಯದೆಲ್ಲ ಕೇಳಿದ ಹುಡುಗ. ಷರತ್ತು ಒಂದೇ: ಮೊದಲಿಂದ ಕೊನೆವರೆಗೆ ಯಾರೂ ಹಾಡು ದಾಟಿಸುವಂತಿಲ್ಲ, ಮಾತು ಆಮೇಲೆ.

ಹಳಬ ‘ಸ್ಟೀಮ್ ಮಷೀನ್’ ಹೊತ್ತಿಗೆ ಗಡಿಯಾರ ನೋಡತೊಡಗಿದ. ಮುಗಿದ ಮೇಲೆ ಹೇಳಿದ್ದು: ‘ನಾನು ಆಗ ಹೇಳಿದ್ದೇ ಈಗಲೂ ಹೇಳೋದು ಮಾರಾಯ. ಇವು ಡೆಮೊಗಳು.’ ಲೈವ್ ಮೂಲಕ ಬಂದವಳಿಗೆ ಎಲ್ಲವೂ ಅರ್ಧಕ್ಕೆ ನಿಂತ ಹಾಗೆ ಕೇಳಿಸಿತಂತೆ. ‘ಟೆಕ್ನಾಲಜಿಕ್’ ಬಂದಾಗ ರ್‍ಯಾಪರ್ ಬಸ್ಟಾ ರೈಮ್ಸ್‌ನ ‘ಟಚ್ ಇಟ್’ ತುಣುಕಿಗಾಗಿ ಕಾದು ಕಾದು ಸುಸ್ತಾದಳು. ಪಿರಮಿಡ್ ಸೆಟ್ಟಿನಲ್ಲಿ ಅವೆರಡೂ ಜೊತೆಗೇ ಬರುತ್ತವೆ. ಆ ಹುಡುಗನಿಗೆ ಮಾತ್ರ ಇಡೀ ಗಲಾಟೆಯೇ ಅರ್ಥವಾಗಲಿಲ್ಲ. ‘ಇದರಲ್ಲಿ ಏನು ತಪ್ಪು? ಹೆಲ್ಮೆಟ್ ಹಾಕ್ಕೊಂಡ ರೋಬೋಟ್‌ಗಳು ಮಾಡಿದ್ರೆ ಹೀಗೇ ಇರ್ಬೇಕಲ್ಲ?’ ಅಂದ. ಈ ಜೋಡಿ ಜನರ ಮುಂದೆ ಬರುತ್ತಿದ್ದದ್ದೇ ರೋಬೋಟ್ ಹೆಲ್ಮೆಟ್ ಹಾಕಿಕೊಂಡು.

ಯಾವ ಬಾಗಿಲಿನಿಂದ ಒಳಗೆ ಬಂದರು ಅನ್ನುವುದರ ಮೇಲೆ ತೀರ್ಪು ನಿಂತಿತ್ತು. ಎರಡು ದಶಕದಲ್ಲಿ ಆಲ್ಬಂ ‘ಸುಧಾರಿಸಿದ’ ಹಾಗೆ ಕಾಣುವುದಕ್ಕೆ ದೊಡ್ಡ ಕಾರಣವೂ ಇದೇ ಇರಬೇಕು. ‘ಡಿಸ್ಕವರಿ’ಯ ಮುಂದುವರಿಕೆಗಾಗಿ ಕಾದವರು ಈಗ ಕೇಳುಗರಲ್ಲಿ ಅಲ್ಪಸಂಖ್ಯಾತರು. ಅವರು ಮನಸ್ಸು ಬದಲಾಯಿಸಿದ್ದಕ್ಕಿಂತ ಹೊಸಬರು ಬಂದು ಸೇರಿದ್ದೇ ಹೆಚ್ಚು. ಅದನ್ನು ಮರುಮೌಲ್ಯಮಾಪನ ಅಂತ ಕರೆಯೋಕೆ ನನಗೆ ಸ್ವಲ್ಪ ಹಿಂಜರಿಕೆ.

ಆದರೂ ಹುಡುಗನ ಮಾತು ಹಿಡಿದು ಇನ್ನೊಮ್ಮೆ ಕೂತಾಗ ಆಲ್ಬಂನ ಎರಡನೇ ಅರ್ಧ ನನಗೆ ತೆರೆದುಕೊಂಡಿತು. ಮುಖಪುಟದಲ್ಲಿರುವುದು ಟಿವಿ ಪರದೆ. ‘ಆನ್/ಆಫ್’ ಅನ್ನುವ 19 ಸೆಕೆಂಡಿನ ತುಣುಕು ಚಾನೆಲ್ ತಿರುಗಿಸುವ ಸದ್ದು, ಅದನ್ನು ಬಿಡಿಯಾಗಿ ಕೇಳಿದರೆ ತಮಾಷೆ ಅಷ್ಟೆ. ಅದರ ಹಿಂದೆಯೇ ‘ಟೆಲಿವಿಷನ್ ರೂಲ್ಸ್ ದ ನೇಷನ್’, ಅದರ ಹಿಂದೆ ‘ಟೆಕ್ನಾಲಜಿಕ್’. ಒಂದರಲ್ಲಿ ಒಂದೇ ವಾಕ್ಯದ ಹೇರಿಕೆ, ಇನ್ನೊಂದರಲ್ಲಿ ಪಿಚ್ ಏರಿಸಿದ ಪುಟ್ಟ ದನಿಯಲ್ಲಿ ಆಜ್ಞೆಗಳ ಮಳೆ. ಇದೇ ‘ಟೆಕ್ನಾಲಜಿಕ್’ 2005ರಲ್ಲಿ ಐಪಾಡ್ ಜಾಹೀರಾತಿಗೂ ಹೋಯಿತು, ಅದು ಬೇರೆ ಮಾತು! ಪುನರಾವರ್ತನೆ ಇಲ್ಲಿ ಬರೀ ಡ್ಯಾನ್ಸಿನ ಅಭ್ಯಾಸವಲ್ಲ, ಹಾಡಿನ ವಿಷಯವೇ ಅದು. ತಲೆಗೆ ತುಂಬುವವನ ದನಿ ಹೇಗಿರುತ್ತದೋ ಹಾಡೂ ಹಾಗೇ ವರ್ತಿಸುತ್ತದೆ. ಕಿರಿಕಿರಿಯಾಗಬೇಕು, ಆಗುತ್ತದೆ.

ಇದೆಲ್ಲಕ್ಕೂ ಕೊನೆಯಲ್ಲಿ ‘ಇಮೋಷನ್’. ಏಳು ನಿಮಿಷದ ಹತ್ತಿರ, ವೋಕೋಡರಿನಲ್ಲಿ ಶೀರ್ಷಿಕೆಯ ಒಂದೇ ಪದ. ಅಲ್ಲಿಯವರೆಗೆ ಆಜ್ಞೆ ಮಾಡುತ್ತಿದ್ದ ಯಂತ್ರದ ದನಿ ಇಲ್ಲಿ ಬೇಡುತ್ತಿರುವಂತೆ ಕೇಳುತ್ತದೆ. ದಾಟಿಸದೆ ಪೂರ್ತಿ ಆಲ್ಬಂ ಕೇಳಿದವರಿಗೆ ಮಾತ್ರ ಇದು ಸಿಗುವುದು. ಬಿಡಿ ಹಾಡಾಗಿ ಪ್ಲೇಲಿಸ್ಟಿನಲ್ಲಿ ಬಂದರೆ ನಾನೂ ಎರಡನೇ ನಿಮಿಷಕ್ಕೆ ದಾಟಿಸುತ್ತೇನೆ.

ಕೊನೆಗೆ ಡಿಜೆ ಸಾಫ್ಟ್‌ವೇರ್ ತೆರೆದು, ಲೈವ್ ಆಲ್ಬಂನಲ್ಲಿ ಮಾಡಿದ್ದನ್ನು, ಅಂದರೆ ಒಂದು ಹಾಡಿನ ಮೇಲೆ ಇನ್ನೊಂದನ್ನು ಕೂರಿಸುವುದನ್ನು, ನಾನೇ ಮಾಡಿ ನೋಡಿದೆ. ಈ ಹಾಡುಗಳ ಮೇಲೆ ಏನನ್ನು ಬೇಕಾದರೂ ಯಾಕೆ ಕೂರಿಸಬಹುದು ಅಂತ ಕೈಯಲ್ಲೇ ತಿಳಿಯಿತು. ಇವುಗಳಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾವಣೆ ತೀರಾ ಕಡಿಮೆ. ಕಾರ್ಡುಗಳು ಓಡಾಡುವ ಎರಡು ಹಾಡು ಬೆರೆಸಿದರೆ ತಾಳದ ನಾಲ್ಕನೇ ಸುತ್ತಿನಲ್ಲೋ ಎಂಟನೆಯದರಲ್ಲೋ ಜಗಳ ಶುರು. ಒಂದೇ ಸ್ವರದ ಸುತ್ತ ನಿಂತ ರಿಫ್ ಇದ್ದರೆ, ಕೀ (ಶ್ರುತಿ) ಹೊಂದಿಸಿದರೆ ಸಾಕು, ಮೇಲಿನ ಹಾಡು ಎಲ್ಲಿಗೆ ಹೋದರೂ ಕೆಳಗಿನದು ತಕರಾರು ಮಾಡುವುದಿಲ್ಲ. ಲೈವಿನಲ್ಲಿ ‘ಡಿಸ್ಕವರಿ’ಯ ‘ಟೂ ಲಾಂಗ್’ ಜೊತೆ ‘ಸ್ಟೀಮ್ ಮಷೀನ್’ ಅಷ್ಟು ಸಲೀಸಾಗಿ ಕೂತದ್ದು ಹೀಗೆಯೇ ಇರಬೇಕು. ಪಿರಮಿಡ್ ಸೆಟ್ ಆ ಖಾಲಿ ಜಾಗವನ್ನು ತಮ್ಮದೇ ಹಳೆಯ ಹಾಡುಗಳಿಂದ ತುಂಬಿತು. ಅದ್ಭುತವಾಗಿ ತುಂಬಿತು. ಆದರೆ ತುಂಬಿದ ಕೂಡಲೇ ಈ ಆಲ್ಬಂ ಏನು ಹೇಳಹೊರಟಿತ್ತೋ ಅದು ಮುಚ್ಚಿಹೋಯಿತು. ಅದರ ಬಲ ಇದ್ದದ್ದು ಖಾಲಿತನದಲ್ಲಿ, ಬಲಹೀನತೆಯೂ ಅಲ್ಲೇ.

ಹಾಗಂತ ಎಲ್ಲವನ್ನೂ ಮಾಫಿ ಮಾಡಿಲ್ಲ. ‘ಸ್ಟೀಮ್ ಮಷೀನ್’ ವಿಷಯದಲ್ಲಿ ಹಳಬನ ಕಡೆಗೇ ನನ್ನ ಓಟು. ಪಿಸುದನಿ, ಅದೇ ಹೊಡೆತ, ಐದು ನಿಮಿಷ ದಾಟಿದರೂ ಏನೂ ಆಗದು. ‘ದ ಬ್ರೇನ್‌ವಾಶರ್’ ಮೊದಲ ನಿಮಿಷದಲ್ಲೇ ತನ್ನ ಜೋಕ್ ಮುಗಿಸಿಬಿಡುತ್ತದೆ. ‘ಮೇಕ್ ಲವ್’ ಕೇಳುತ್ತಾ ಕೇಳುತ್ತಾ ಹತ್ತಿರವಾಯಿತು, ಆದರೆ ಆಲ್ಬಂನ ಉಳಿದ ಗದ್ದಲದ ನಡುವೆ ಅದು ಉಸಿರು ಬಿಡುವ ಜಾಗ ಅನ್ನುವುದೇ ಕಾರಣ. ‘ದ ಪ್ರೈಮ್ ಟೈಮ್ ಆಫ್ ಯುವರ್ ಲೈಫ್’ ಕೊನೆಯಲ್ಲಿ ವೇಗ ಏರಿಸಿಕೊಂಡು ಓಡುವ ಭಾಗ ಮಾತ್ರ ನನಗೆ ಇಡೀ ಆಲ್ಬಂನಲ್ಲೇ ಅತಿ ರೋಮಾಂಚಕ. ಎರಡು ಹಾಡಿನ ವೇಗವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ನಂಬಿಕೊಂಡು ಅದನ್ನು ಸೆಟ್ಟಿಗೆ ಹಾಕಬೇಡಿ, ಬೀಟ್‌ಗ್ರಿಡ್ (ಸಾಫ್ಟ್‌ವೇರ್ ಹಾಡಿನ ಮೇಲೆ ಎಳೆಯುವ ತಾಳದ ಗೆರೆಗಳು) ಅಲ್ಲಿ ಕೈಕೊಡುತ್ತದೆ. ಆ ಓಟ ಶುರುವಾಗುವ ಮುಂಚೆ ಲೂಪ್ ಹಾಕಿ ಹೊರಬರಬೇಕು, ಇಲ್ಲವೇ ಅದು ಪೂರ್ತಿ ಓಡಿ ಮುಗಿಯಲಿ ಅಂತ ಬಿಟ್ಟು, ಮುಂದಿನ ಹಾಡನ್ನು ಸೊನ್ನೆಯಿಂದ ಶುರುಮಾಡಬೇಕು. ನಾನು ಈಗೀಗ ಎರಡನೆಯದನ್ನೇ ಮಾಡುತ್ತಿದ್ದೇನೆ.