ಕಾರವಾರದಲ್ಲಿ ಗಾಡಿ ಬಿಟ್ಟು ನಡೀರಿ: ಒಂದು ದಿನದ ಪ್ಲಾನು

ಗೋವಾಕ್ಕೆ ಹೊರಟೋರು, ಗೋಕರ್ಣ ಮುಗಿಸಿ ಬರೋರು ಹೆಚ್ಚಿನವ್ರು ಕಾರವಾರದಲ್ಲಿ ಹೈವೇ ಪಕ್ಕ ಗಾಡಿ ನಿಲ್ಸಿ, ಬೀಚಲ್ಲಿರೋ ಯುದ್ಧ ಹಡಗಿನ ಮುಂದೆ ಒಂದು ಸೆಲ್ಫಿ ಹೊಡ್ಕೊಂಡು ಮತ್ತೆ ಗಾಡಿ ಹತ್ತಿ ಹೋಗ್ಬಿಡ್ತಾರೆ. ಅದನ್ನ ನೋಡಿದಾಗೆಲ್ಲ ನಂಗೆ ಹೊಟ್ಟೆ ಚುರ್ ಅನ್ಸತ್ತೆ. ಹಡಗು, ವಿಮಾನ, ರಾಕ್ ಗಾರ್ಡನ್ನು, ಪಾರ್ಕು, ಹಳೇ ಹೆಂಚಿನ ಮನೆಗಳಿರೋ ಬೀದಿ, ಮೀನು ಮಾರ್ಕೆಟ್ಟು, ನದಿ ಕಡಲಿಗೆ ಸೇರೋ ಅಳಿವೆ, ಇಷ್ಟೂ ಕಾಲ್ನಡಿಗೆಲೇ ಸಿಗತ್ತೆ, ಇಂಥ ಊರು ಹುಡುಕಿದ್ರೂ ಸುಲಭಕ್ಕೆ ಸಿಗಲ್ಲ. ಒಂದು ಪೂರ್ತಿ ದಿನ ಕೊಡಿ, ಗಾಡಿ ಎಲ್ಲಾದ್ರೂ ನೆರಳಲ್ಲಿ ಬಿಡಿ. ಮತ್ತೆ ಒಂದೇ ಒಂದು ಸೂತ್ರ ನೆನಪಿಟ್ಕೊಳಿ, ಬಿಸಿಲು ನೋಡ್ಕೊಂಡು ನಡೀಬೇಕು: ಬೆಳಿಗ್ಗೆ ಕಡಲು ಮತ್ತು ಪೇಟೆ, ಮಧ್ಯಾಹ್ನ ಊಟ ಮತ್ತು ನೆರಳು, ಮ್ಯೂಸಿಯಂ ಎಲ್ಲ ಬಿಸಿಲು ಇಳಿದ್ಮೇಲೆ. ಇದನ್ನ ಉಲ್ಟಾ ಮಾಡಿದ್ರೆ ಸೆಕೆಗೇ ಸುಸ್ತಾಗಿ ಅರ್ಧಕ್ಕೆ ವಾಪಸ್ ಹೋಗ್ತೀರಿ.

ಬರೋದು ಯಾವಾಗ ಅಂದ್ರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ, ಬೆಳಿಗ್ಗೆ ಹೊತ್ತು ತಂಪಾಗಿರತ್ತೆ, ಕಡಲೂ ಶಾಂತ. ಏಪ್ರಿಲ್ ಮೇ ತಿಂಗಳ ಸೆಕೆ ಘಟ್ಟದ ಮೇಲಿನವ್ರಿಗೆ ತಡ್ಕೊಳೋದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ಅಂದ್ರೆ ಮಳೆ, ಬರೀ ಮಳೆ, ವರ್ಷದ ಸುಮಾರು 3,000 ಮಿ.ಮೀ. ಮಳೇಲಿ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ ಸುರಿಯತ್ತೆ, ಆಗ ನೀರಿಗಿಳಿಯೋ ಯೋಚನೆನೂ ಮಾಡ್ಬೇಡಿ. ಬಸ್ಸಲ್ಲಿ ಬಂದ್ರೆ ಭಾಳ ಅನುಕೂಲ, ಬಸ್‌ಸ್ಟ್ಯಾಂಡ್ ಪೇಟೆ ಮಧ್ಯದಲ್ಲೇ ಇದೆ, ಅಲ್ಲಿಂದ ಬೀಚಿಗೆ ನಡೆದೇ ಹೋಗ್ಬಹುದು. ಟ್ರೇನಲ್ಲಿ ಬರೋರು ಗಮನಿಸಿ, ಕೊಂಕಣ ರೈಲ್ವೆ ಸ್ಟೇಷನ್ ಇರೋದು ಶಿರವಾಡದಲ್ಲಿ, ಪೇಟೆಯಿಂದ ಸುಮಾರು ದೂರ, ಆಟೋನೋ ಬಸ್ಸೋ ಹಿಡಿಲೇಬೇಕು.

ಶುರು ಮಾಡೋದು ಬೀಚಿಂದ, ಏಳು ಗಂಟೆ ಒಳಗೆ. ರವೀಂದ್ರನಾಥ ಟ್ಯಾಗೋರ್ ಬೀಚ್ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ. ಅವ್ರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್ ಐಸಿಎಸ್ (ಬ್ರಿಟಿಷರ ಕಾಲದ ಸಿವಿಲ್ ಸರ್ವೀಸ್) ಪಾಸಾದ ಮೊದಲ ಭಾರತೀಯ, ಅವ್ರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ 1883ರಲ್ಲಿ ತಮ್ಮ ಬಂದು ಉಳ್ಕೊಂಡಿದ್ರು, ಆಗ ಅವ್ರಿಗೆ ಇಪ್ಪತ್ತೆರಡು ವರ್ಷ, ಇಲ್ಲಿದ್ದಾಗಲೇ ಒಂದು ನಾಟಕನೂ ಬರೆದ್ರು. ಮುಂದೆ ತಮ್ಮ ನೆನಪುಗಳನ್ನ ಬರೀವಾಗ ಗುಡ್ಡ ಸುತ್ತುವರೆದ ಈ ಪುಟ್ಟ ಬಂದರು, ಅರ್ಧಚಂದ್ರದ ಥರ ಬಾಗಿದ ದಂಡೆ, ಗಾಳಿಮರದ ಸಾಲು, ಬೆಳದಿಂಗಳಲ್ಲಿ ದೋಣಿಲಿ ಕಾಳಿ ನದಿಗೆ ಹೋಗಿದ್ದು ಎಲ್ಲಾ ಬರೆದಿದ್ದಾರೆ. ನೀವು ದಂಡೆ ಮೇಲೆ ನಿಂತು ಬಲಗಡೆ ನೋಡಿದ್ರೆ ಕಾಳಿ ಕಡಲಿಗೆ ಸೇರೋ ಕಡೆ, ಎಡಗಡೆ ಬೈತಖೋಲ್ ಬಂದರು, ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು, ಬೆನ್ನಿಗೆ ಸಹ್ಯಾದ್ರಿ. ಊರು ಬೆಳೆದಿದೆ, ಹೈವೇ ಬಂದಿದೆ, ಆದ್ರೆ ಟ್ಯಾಗೋರ್ ಕಂಡ ಆ ಬಾಗು ಈಗ್ಲೂ ಹಾಗೇ ಇದೆ, ಅದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಬೆಳಿಗ್ಗೆಯೇ ಸರಿ, ಸೂರ್ಯ ಹಿಂದಿನಿಂದ ಬರೋದ್ರಿಂದ ದ್ವೀಪಗಳು ಸ್ಪಷ್ಟ ಕಾಣತ್ತೆ. ದೇವಗಡದ ಮೇಲಿರೋ ದೀಪಸ್ತಂಭ 1864ರದ್ದು. ಅದೃಷ್ಟ ಇದ್ರೆ ದಂಡೆಲಿ ಏಂಡಿ ಬಲೆ ಎಳೀತಾ ಇರ್ತಾರೆ, ಎರಡೂ ಕಡೆ ಸಾಲಾಗಿ ನಿಂತು ಹಗ್ಗ ಎಳೆಯೋದು. ದೂರ ನಿಂತು ನೋಡಿ, ಹಗ್ಗ ದಾಟ್ಬೇಡಿ, ಅವ್ರದ್ದು ಹೊಟ್ಟೆಪಾಡಿನ ಕೆಲ್ಸ.

ಅಲ್ಲಿಂದ ಹೈವೇ ದಾಟಿ ಪೇಟೆ ಒಳಗೆ ಬನ್ನಿ. ಬೀಚಿಗೂ ಊರಿಗೂ ಮಧ್ಯ ನಾಲ್ಕು ಪಥದ ರಸ್ತೆ, ಫ್ಲೈಓವರ್ ಎಲ್ಲ ಬಂದು ದಾಟೋದು ಮೊದ್ಲಿನಷ್ಟು ಸಲೀಸಲ್ಲ, ಮಕ್ಕಳು ವಯಸ್ಸಾದೋರು ಜೊತೆಗಿದ್ರೆ ಸ್ವಲ್ಪ ಸುತ್ತಾದ್ರೂ ಎಲ್ರೂ ದಾಟೋ ಜಾಗದಲ್ಲೇ ದಾಟಿ. ಪೇಟೆಲಿ ನಾಷ್ಟಾ ಮುಗಿಸಿ (ಬನ್ಸ್ ಭಾಜಿ ಸಿಕ್ರೆ ಬಿಡ್ಬೇಡಿ) ಮೀನು ಮಾರ್ಕೆಟ್ಟಿಗೆ ಹೋಗಿ. ಮೀನು ತಿನ್ನದವ್ರೂ ಹೋಗ್ಬೇಕು ಅಂತ ನಾನು ಹೇಳೋದು, ಈ ಊರಿನ ಜೀವ ಅಲ್ಲಿದೆ. ಬಾಂಗಡೆ, ತಾರ್ಲೆ, ಇಸ್ವಣ, ಸಿಗಡಿ, ಚಿಪ್ಪಿ, ಬುಟ್ಟಿ ಮುಂದೆ ಕೂತ ಹೆಂಗಸ್ರ ಕೊಂಕಣಿ ಜೋರು, ಕನ್ನಡದಲ್ಲಿ ಮಾತಾಡ್ಸಿದ್ರೆ ಕನ್ನಡದಲ್ಲೇ ಉತ್ತರ ಕೊಡ್ತಾರೆ. ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ. ಜೂನ್ 1ರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರೋದ್ರಿಂದ ಆಗ ಬಂದ್ರೆ ಈ ಗದ್ದಲ ಇರಲ್ಲ.

ಪೇಟೆ ಬೀದಿಗಳಲ್ಲಿ ನಡೀವಾಗ ಸ್ವಲ್ಪ ಇತಿಹಾಸ ತಲೇಲಿದ್ರೆ ಮಜಾನೇ ಬೇರೆ. ಕಾಳುಮೆಣಸಿನ ಆಸೆಗೆ ಇಂಗ್ಲಿಷರು ಕಾರವಾರಕ್ಕೆ ಬಂದು ಕೋಠಿ (ವ್ಯಾಪಾರದ ಕೇಂದ್ರ) ಹಾಕಿದ್ದು 1638ರಲ್ಲಿ, ಅದು ಕಾಳಿ ದಂಡೆಯ ಹಳೇ ಕಾರವಾರ. ಈಗ ನೀವು ನಡೀತಿರೋ ಪೇಟೆ ಬೆಳೆದಿದ್ದು ಅದಕ್ಕಿಂತ ಎಷ್ಟೋ ಆಮೇಲೆ, ಅದಕ್ಕೆ ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಮಿಲ್ಲಿನವ್ರ ಕಣ್ಣು ಧಾರವಾಡದ ಹತ್ತಿ ಮೇಲೆ ಬಿತ್ತು, ಅದನ್ನ ಘಟ್ಟ ಇಳಿಸಿ ಹಡಗು ಹತ್ತಿಸೋಕೆ ಬಂದರು ಬೇಕಿತ್ತು, ಹಾಗಾಗಿ 1862ರಲ್ಲಿ ಈ ಜಿಲ್ಲೆನ ಮದ್ರಾಸಿಂದ ತೆಗೆದು ಮುಂಬೈ ಪ್ರೆಸಿಡೆನ್ಸಿಗೆ ಸೇರಿಸಿದ್ರು, ಕಾರವಾರ ಜಿಲ್ಲಾ ಕೇಂದ್ರ ಆಯ್ತು, ಕಚೇರಿ ಬಂತು, ಕೋರ್ಟ್ ಬಂತು, ಅದೇ ಕೋರ್ಟಿಗೆ ಸತ್ಯೇಂದ್ರನಾಥರು ಬಂದ್ರು, ಅವ್ರ ಹಿಂದೆ ತಮ್ಮ ಬಂದ. ಮುಂದೆ ಗೋವಾದ ಮುರಗಾಂವ ಬಂದರಿಗೆ ರೈಲು ಹೋದ್ಮೇಲೆ ಹತ್ತಿ ಆ ಕಡೆ ತಿರುಗ್ತು, ಇಲ್ಲಿ ಬಂದರು ದೊಡ್ಡದಾಗ್ಲೇ ಇಲ್ಲ. ಟ್ಯಾಗೋರ್‌ಗೆ ಇದು ಬಂದರು ಅಂತಲೇ ಅನ್ನಿಸದಷ್ಟು ಶಾಂತವಾಗಿ ಕಂಡಿದ್ದು ಆ ರೈಲಿಗೂ ಮುಂಚೆನೇ.

ಗ್ರೀನ್ ಸ್ಟ್ರೀಟ್ ಕಡೆ, ಆಮೇಲೆ ಅದರ ಅಡ್ಡ ಓಣಿಗಳಲ್ಲಿ ಹೋಗಿ, ಮ್ಯಾಪ್ ಸ್ವಲ್ಪ ಹೊತ್ತು ಒಳಗಿಡಿ. ಚಿರೇಕಲ್ಲಿನ ಗೋಡೆ, ಇಳಿಜಾರು ಹೆಂಚಿನ ಮಾಡು, ಮುಂದೆ ಜಗಲಿ, ಅಂಗಳದಲ್ಲಿ ತುಳಸಿ ಕಟ್ಟೆ ಇರೋ ಹಳೇ ಮನೆಗಳು ಅಲ್ಲಲ್ಲಿ ಇನ್ನೂ ಉಳ್ದಿವೆ. ಮಾಡು ಯಾಕೆ ಅಷ್ಟು ಕೆಳಗಿನವರೆಗೆ ಇಳಿದಿದೆ ಅಂತ ನೋಡಿ, ಗಾಳಿ ಜೊತೆ ಓರೆಯಾಗಿ ಬಡಿಯೋ ಮಳೆ ಗೋಡೆಗೆ ತಾಗಬಾರದು ಅಂತ. ವರ್ಷವರ್ಷಕ್ಕೂ ಇಂಥ ಮನೆ ಕಮ್ಮಿ ಆಗ್ತಿದೆ, ಜಾಗಕ್ಕೆ ಅಪಾರ್ಟ್‌ಮೆಂಟ್ ಬರ್ತಿದೆ, ಅದಕ್ಕೇ ಈಗ್ಲೇ ನೋಡ್ಕೊಳಿ ಅಂತ ಹೇಳೋದು. ಬಿಸಿಲು ಏರ್ತಿದ್ದಂತೆ ಗಾಂಧಿ ಪಾರ್ಕಲ್ಲಿ ಸ್ವಲ್ಪ ಕೂತ್ಕೊಳಿ. ದೊಡ್ಡ ಪಾರ್ಕೇನಲ್ಲ, ಆದ್ರೆ ಪೇಟೆ ಮಧ್ಯ ಕಾಲು ಚಾಚಿ ಕೂರೋಕೆ ಸಾಕು.

ಹನ್ನೆರಡೂವರೆಯಿಂದ ಮೂರೂವರೆವರೆಗೆ ನಡೆಯೋದೇ ಬೇಡ. ಮೀನೂಟ ಮಾಡಿ, ಸೋಲ್ ಕಡಿ (ಕೋಕಂ, ತೆಂಗಿನ ಹಾಲಿನ ಪಾನೀಯ) ಕೇಳಿ ಕುಡೀರಿ, ಎಲ್ಲಾದ್ರೂ ಫ್ಯಾನ್ ಕೆಳಗೆ ಮಲ್ಕೊಳಿ.

ಈಗ ಮ್ಯೂಸಿಯಂ ವಿಷ್ಯ. ಬೀಚ್ ದಂಡೆಲಿ ನಿಂತಿರೋ ಹಡಗು ಐಎನ್ಎಸ್ ಚಪಲ್. ಇದು ಸೋವಿಯತ್ ರಷ್ಯಾದಲ್ಲಿ ತಯಾರಾದ ಮಿಸೈಲ್ ಬೋಟು, 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿ ಆಯ್ತು, 2006ರ ನವೆಂಬರ್ 7ಕ್ಕೆ ಮ್ಯೂಸಿಯಂ ಆಗಿ ತೆರೀತು. ಇದು 1971ರ ಯುದ್ಧದಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು ಅಂತ ಸುಮಾರು ಜನ ಹೇಳ್ತಾರೆ, ವಾಟ್ಸಾಪಲ್ಲೂ ಓಡಾಡತ್ತೆ, ಇಸವಿ ನೋಡಿದ್ರೇ ಗೊತ್ತಾಗತ್ತೆ ಅದು ಆಗೋ ಮಾತಲ್ಲ ಅಂತ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋಗಿದ್ದು ನಿಪತ್, ನಿರ್ಘಾತ್, ವೀರ್ ಅನ್ನೋ ಬೋಟುಗಳು, ಚಪಲ್ ಅದೇ ವಂಶದ ಆಮೇಲಿನ ಮಾದರಿ. ಆದ್ರೂ ಆ ರಾತ್ರಿ ಹೇಗಿದ್ದಿರಬಹುದು ಅಂತ ಅಂದಾಜು ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಒಳಗೆ ಹೋಗಿ ನೋಡಿ, ಉದ್ದ ನಲ್ವತ್ತು ಮೀಟರೂ ಇಲ್ಲ, ಅಷ್ಟರಲ್ಲೇ ಎರಡೂ ಪಕ್ಕ ಎರಡೆರಡು ದೊಡ್ಡ ಡಬ್ಬಿ ಥರ ಕಾಣೋದು ಕ್ಷಿಪಣಿ ಇಡೋ ಜಾಗ, ಮುಂದೆ ಹಿಂದೆ ತೋಪು, ಒಳಗೆ ಇಂಜಿನ್ನು, ಅಡುಗೆ, ಮಲಗೋದು ಎಲ್ಲ. ಹೆಚ್ಚಿನವ್ರು ಹೊರಗಿಂದ್ಲೇ ಫೋಟೋ ತೆಗೆದು ಹೋಗ್ತಾರೆ, ನೀವು ಹಾಗೆ ಮಾಡ್ಬೇಡಿ. ಒಳಗಿನ ಇಕ್ಕಟ್ಟಲ್ಲಿ ಎರಡು ನಿಮಿಷ ಸುಮ್ನೆ ನಿಂತು, ಅಲೆ ಮೇಲೆ ಇದು ತೂಗಾಡ್ತಿರುವಾಗ ಇಲ್ಲೇ ದಿನಗಟ್ಟಲೆ ಇದ್ದ ನಾವಿಕರನ್ನ ನೆನಪಿಸ್ಕೊಳಿ. ತಗ್ಗು ಬಾಗ್ಲು, ಕಡಿದಾದ ಏಣಿ, ತಲೆ ಜೋಪಾನ, ಚಪ್ಪಲಿ ಜಾರದಂಥದ್ದು ಹಾಕ್ಕೊಳಿ. ಇಡೀ ಹಡಗು ಲೋಹ ಆಗಿರೋದ್ರಿಂದ ನಡು ಮಧ್ಯಾಹ್ನ ಒಳಗೆ ನಿಲ್ಲೋಕಾಗಲ್ಲ, ಸಂಜೆಗೆ ಇಟ್ಕೊಳಿ ಅಂದಿದ್ದು ಅದಕ್ಕೇ. ಮ್ಯೂಸಿಯಂ ಸಮಯ, ವಾರದ ರಜೆ ಎಲ್ಲ ಬದಲಾಗ್ತಾ ಇರತ್ತೆ, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು, ಬೆಳಿಗ್ಗೆ ಬೀಚಿಗೆ ಹೋದಾಗ್ಲೇ ಗೇಟಿನ ಬೋರ್ಡ್ ನೋಡ್ಕೊಂಡ್ಬಿಡಿ.

ಪಕ್ಕದಲ್ಲೇ ಟುಪೊಲೆವ್ ಟಿಯು-142 ವಿಮಾನ. ಇದು ಬಂದಿದ್ದು ಇತ್ತೀಚೆಗೆ, ತಮಿಳುನಾಡಿನ ಅರಕ್ಕೋಣಂನಲ್ಲಿರೋ ಐಎನ್ಎಸ್ ರಾಜಾಳಿಯಿಂದ ಭಾಗ ಭಾಗವಾಗಿ ಬಿಚ್ಚಿ ಲಾರಿಲಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಉದ್ದ ಐವತ್ತು ಮೀಟರ್ ದಾಟತ್ತೆ, ರೆಕ್ಕೆಯ ಅಗಲನೂ ಹತ್ರಹತ್ರ ಅಷ್ಟೇ. 1988ರಿಂದ 2017ರವರೆಗೆ ಹಿಂದೂ ಮಹಾಸಾಗರದ ಮೇಲೆ ಗಂಟೆಗಟ್ಟಲೆ ಹಾರಿ ಸಬ್‌ಮರೀನ್ ಹುಡುಕೋ ಕೆಲ್ಸ ಇದರದ್ದು. ಒಂದು ವಿಷ್ಯ ಮಕ್ಕಳಿಗೆ ಮರೀದೆ ತೋರ್ಸಿ: ನಾಲ್ಕು ಇಂಜಿನ್ನು, ಒಂದೊಂದಕ್ಕೂ ಒಂದರ ಹಿಂದೆ ಒಂದು ಎರಡು ಫ್ಯಾನು, ಎರಡೂ ವಿರುದ್ಧ ದಿಕ್ಕಿಗೆ ತಿರುಗೋದು. ಮುಂದಿನ ಫ್ಯಾನು ಗಾಳಿನ ಸುಳಿ ಮಾಡಿ ವ್ಯರ್ಥ ಮಾಡೋ ಶಕ್ತಿನ ಹಿಂದಿನದು ಹಿಡಿದು ಬಳಸ್ಕೊಳತ್ತೆ, ಅದಕ್ಕೇ ಫ್ಯಾನಿನ ವಿಮಾನ ಆದ್ರೂ ಜೆಟ್ ಹತ್ತಿರದ ವೇಗ.

ಹಡಗಿನ ಪಕ್ಕ ಒಂದು ಪ್ರತಿಮೆ ಇದೆ, ಜನ ಅದನ್ನ ದಾಟ್ಕೊಂಡು ಹೋಗ್ಬಿಡ್ತಾರೆ. ದಯವಿಟ್ಟು ನಿಲ್ಲಿ. ಅದು ಮೇಜರ್ ರಾಮ ರಾಘೋಬ ರಾಣೆ ಅವ್ರದ್ದು, ನಮ್ಮ ಚೆಂಡಿಯಾ ಊರಿನ ಮನೆತನ. 1948ರ ಏಪ್ರಿಲಲ್ಲಿ ಜಮ್ಮು ಕಾಶ್ಮೀರದ ನೌಶೇರಾದಿಂದ ರಜೌರಿಗೆ ನಮ್ಮ ಟ್ಯಾಂಕುಗಳು ಹೋಗ್ಬೇಕಿತ್ತು, ದಾರಿ ತುಂಬ ಮೈನು (ನೆಲಬಾಂಬು), ಅಡ್ಡ ಕಡಿದು ಹಾಕಿದ ಮರಗಳು, ಮೇಲಿಂದ ಗುಂಡು. ಗಾಯ ಆದ್ರೂ ಬಿಡದೆ ದಿನಗಟ್ಟಲೆ ದಾರಿ ಬಿಡಿಸಿದ್ರು, ಒಂದು ಕಡೆಯಂತೂ ಟ್ಯಾಂಕಿನ ಹೊಟ್ಟೆ ಕೆಳಗೆ ತೆವಳ್ತಾ ಹಗ್ಗ ಜಗ್ಗಿ ಡ್ರೈವರ್‌ಗೆ ಸೂಚನೆ ಕೊಡ್ತಾ ಮುಂದೆ ಕರ್ಕೊಂಡು ಹೋದ್ರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಇವ್ರು. ನಮ್ಮ ಜಿಲ್ಲೆ ಪ್ರತಿ ಮಗುಗೂ ಈ ಕಥೆ ಗೊತ್ತಿರ್ಬೇಕು.

ರಾಕ್ ಗಾರ್ಡನ್ನಿಗೆ ಐದು ಗಂಟೆ ಆಸುಪಾಸಲ್ಲಿ ಹೋಗಿ, ಓರೆ ಬೆಳಕಲ್ಲಿ ಶಿಲ್ಪಗಳ ಮುಖ ಚೆನ್ನಾಗಿ ಕಾಣತ್ತೆ. ಹೆಸರು ರಾಕ್ ಗಾರ್ಡನ್ ಆದ್ರೂ ನೋಡ್ಬೇಕಾದ್ದು ಕಲ್ಲಲ್ಲ, ಜನ. ಹಾಲಕ್ಕಿ ಒಕ್ಕಲಿಗರು, ಸಿದ್ದಿಯರು, ಗೌಳಿಗಳು, ಕುಣಬಿಯರು, ಹೀಗೆ ಉತ್ತರ ಕನ್ನಡದ ಸಮುದಾಯಗಳ ದಿನದ ಬದುಕನ್ನ ಆಳೆತ್ತರದ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಬರೀ ಫೋಟೋ ತೆಗೀಬೇಡಿ, ಉಡುಗೆ ನೋಡಿ, ಕೈಯಲ್ಲಿರೋ ಸಾಮಾನು ನೋಡಿ. ಹಾಲಕ್ಕಿ ಹೆಂಗಸ್ರ ಕೊರಳ ತುಂಬ ಮಣಿಸರ, ಸೀರೆ ಕಟ್ಟೋ ರೀತಿನೇ ಬೇರೆ. ಸಾವಿರಾರು ಹಾಡು ಬಾಯಲ್ಲೇ ಇಟ್ಕೊಂಡು, ಸಾರಾಯಿ ವಿರುದ್ಧ ಹೋರಾಡಿದ ಸುಕ್ರಿ ಬೊಮ್ಮಗೌಡ, ಕಾಡಿನ ಗಿಡಗಳನ್ನೇ ಮಕ್ಕಳ ಥರ ಬೆಳೆಸಿದ ತುಳಸಿ ಗೌಡ, ಇಬ್ರೂ ಪದ್ಮಶ್ರೀ ಪಡೆದೋರು, ಇಬ್ರೂ ಅಂಕೋಲಾ ಕಡೆಯ ಹಾಲಕ್ಕಿಯವ್ರು, ಇಬ್ರೂ ಈಗಿಲ್ಲ. ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದೋರು, ಯಲ್ಲಾಪುರ ಹಳಿಯಾಳ ಕಡೆ ಅವ್ರ ಊರುಗಳಿವೆ, ಡಮಾಮಿ ಕುಣಿತ ಅವ್ರದ್ದು. ಜೋಯಿಡಾದ ಕುಣಬಿಯರು ಗೆಡ್ಡೆ ಗೆಣಸು ಬೆಳೆಯೋದ್ರಲ್ಲಿ ಹೆಸರು ಮಾಡಿದೋರು. ಇವ್ರೆಲ್ಲ ಹಳೇ ಕಾಲದ ಜನ ಅಲ್ಲ, ಈಗ್ಲೂ ಕಾರವಾರ, ಅಂಕೋಲಾ ಪೇಟೆಲಿ ಸೊಪ್ಪು ತರಕಾರಿ ಮಾರ್ತಾ ಹಾಲಕ್ಕಿ ಅಜ್ಜಿಯರು ಸಿಗ್ತಾರೆ, ಇದನ್ನ ಮಕ್ಕಳಿಗೆ ಬಿಡಿಸಿ ಹೇಳಿ.

ಸೂರ್ಯ ಮುಳುಗೋ ಹೊತ್ತಿಗೆ ಮತ್ತೆ ದಂಡೆಗೆ ಬಂದು ಕಾಲಿಗೆ ಶಕ್ತಿ ಇದ್ರೆ ಮರಳಲ್ಲೇ ಉತ್ತರಕ್ಕೆ, ಕೋಡಿಬಾಗದ ಕಡೆ ನಡೀರಿ. ಇಳಿತ ಇದ್ದಾಗ ನೀರಂಚಿನ ಗಟ್ಟಿ ಮರಳಲ್ಲಿ ನಡೆಯೋದು ಸುಲಭ, ಭರತ ಇದ್ರೆ ಮೇಲಿನ ಸಡಿಲ ಮರಳಲ್ಲಿ ಕಾಲು ಹೂತು ಸುಸ್ತಾಗತ್ತೆ. ಅಳಿವೆ ಹತ್ರ ನೀರಿಗೆ ಮಾತ್ರ ಇಳೀಬೇಡಿ, ನದಿ ಸೆಳೆತ ಮೇಲಿಂದ ಗೊತ್ತಾಗಲ್ಲ. ಇನ್ನೊಂದು, ಇದು ನೌಕಾನೆಲೆ ಇರೋ ತಾಲೂಕು, ಅರ್ಗಾದಲ್ಲಿ ಐಎನ್ಎಸ್ ಕದಂಬ ಇದೆ, ಅನುಮತಿ ಇಲ್ದೆ ಡ್ರೋನ್ ಹಾರ್ಸೋದು, ಬೋರ್ಡ್ ಇದ್ದಲ್ಲಿ ಫೋಟೋ ತೆಗೆಯೋದು ಬೇಡವೇ ಬೇಡ.

ಮರುದಿನನೂ ಇದ್ರೆ ಬೆಳಿಗ್ಗೆ ನದಿ ಆಚೆ ಸದಾಶಿವಗಡ. ಸೋಂದೆ ಅರಸರು ಕಟ್ಟಿಸಿದ ಕೋಟೆ, ಈಗ ಉಳಿದಿರೋದು ಕಮ್ಮಿ, ಆದ್ರೆ ಗುಡ್ಡದ ಮೇಲಿಂದ ನದಿ, ಕಡಲು, ಸೇತುವೆ, ಕಾರವಾರ ಎಲ್ಲ ಒಟ್ಟಿಗೇ ಕಾಣತ್ತೆ, ದುರ್ಗಾದೇವಿ ಗುಡಿನೂ ಇದೆ. ಕಾಳಿ ಸೇತುವೆನ ನಡೆದು ದಾಟೋ ಆಸೆ ಬೇಡ. ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು, ಆಮೇಲೆ ಎರಡೂ ಕಡೆ ಗಾಡಿಗಳಿಗೆ ಹೊಸ ಸೇತುವೆನೇ ಗತಿ ಆಯ್ತು, ಲಾರಿಗಳ ಪಕ್ಕ ನಡೆಯೋದು ಕ್ಷೇಮ ಅಲ್ಲ. ಬಸ್‌ಸ್ಟ್ಯಾಂಡಿಂದ ಆ ಕಡೆ ಹೋಗೋ ಲೋಕಲ್ ಬಸ್ ಹತ್ತಿ, ಸೇತುವೆ ದಾಟಿದ್ಮೇಲೆ ಇಳ್ಕೊಂಡು ಗುಡ್ಡ ಮಾತ್ರ ನಡೆದು ಹತ್ತಿ. ನೀರು ಕೆಳಗಿಂದ್ಲೇ ತಗೊಂಡು ಹೋಗಿ, ಹತ್ತು ಗಂಟೆ ಒಳಗೆ ಇಳಿದು ಬನ್ನಿ.